ಮಾನಿಟರ್ ಆಗಾಗ ಕಪ್ಪಾಗುತ್ತಿದ್ದರೆ ಮೊದಲು ಕೇಬಲ್ ಮೇಲಿನ ಹೊರೆ ಇಳಿಸಿ ನೋಡಿ

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ 27 ಇಂಚಿನ 4ಕೆ ಮಾನಿಟರ್ ಜೋಡಿಸಿದ್ದೇನೆ. ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಪೋರ್ಟ್‌ಗೆ ಒಂದು ಹಬ್, ಹಬ್‌ನಿಂದ ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್. ಚಾರ್ಜರ್, ಕೀಬೋರ್ಡ್, ಹಾರ್ಡ್ ಡಿಸ್ಕ್ ಕೂಡ ಅದೇ ಹಬ್‌ಗೆ ಸೇರಿವೆ. ಐದು-ಹತ್ತು ನಿಮಿಷಕ್ಕೊಮ್ಮೆ ಮಾನಿಟರ್ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಕೆಲವು ಸಲ ಅದಕ್ಕೆ ಮುಂಚೆ ಸಣ್ಣ ಬಿಳಿ ಚುಕ್ಕೆಗಳು ಮಿಂಚಿ ಹೋಗುತ್ತವೆ. ಲ್ಯಾಪ್‌ಟಾಪ್‌ನ ಪರದೆಗೆ ಮಾತ್ರ ಏನೂ ಆಗುವುದಿಲ್ಲ. ಗ್ರಾಫಿಕ್ಸ್ ಡ್ರೈವರ್ ಎರಡು ಸಲ ತೆಗೆದು ಹಾಕಿದೆ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ. ಹೊಸ ಮಾನಿಟರ್ ಕೊಳ್ಳಬೇಕೇ? ಅಲ್ಲಿಯವರೆಗೆ ಕೆಲಸ ನಡೆಸುವುದು ಹೇಗೆ? ಇದರಿಂದ ಲ್ಯಾಪ್‌ಟಾಪ್ ಹಾಳಾಗುತ್ತದೆಯೇ?

ಉತ್ತರ: ಸದ್ಯಕ್ಕೆ ಮಾನಿಟರ್ ಕೊಳ್ಳಬೇಡಿ. ವಿಂಡೋಸನ್ನೂ ಇನ್ನೊಮ್ಮೆ ಹಾಕಬೇಡಿ. ನಿಮ್ಮ ಪ್ರಶ್ನೆಯಲ್ಲೇ ಎರಡು ಒಳ್ಳೆಯ ಸುಳಿವುಗಳಿವೆ. ಪರದೆ ಪೂರ್ತಿ ಕಪ್ಪಾಗಿ ತಾನಾಗಿಯೇ ಮರಳುತ್ತದೆ ಎಂಬುದು ಒಂದು. ಅದಕ್ಕೆ ಮುಂಚೆ ಬಿಳಿ ಚುಕ್ಕೆಗಳು ಮಿಂಚುತ್ತವೆ ಎಂಬುದು ಇನ್ನೊಂದು. ಇವೆರಡೂ ಒಟ್ಟಿಗೆ ಬಂದರೆ ನನ್ನ ಅನುಮಾನ ಮೊದಲು ಹೋಗುವುದು ಲ್ಯಾಪ್‌ಟಾಪ್ ಮತ್ತು ಮಾನಿಟರ್ ನಡುವಿನ ದಾರಿಯ ಮೇಲೆ. ಅಂದರೆ ಹಬ್, ಕೇಬಲ್, ಅವುಗಳ ಕನೆಕ್ಟರ್. ಚಿತ್ರ ಲ್ಯಾಪ್‌ಟಾಪ್‌ನಿಂದ ಸರಿಯಾಗಿಯೇ ಹೊರಡುತ್ತಿದೆ. ಮಾನಿಟರ್‌ಗೂ ಅದನ್ನು ತೋರಿಸಲು ಬರುತ್ತದೆ. ನಡುವೆ ಎಲ್ಲೋ ಒಂದಿಷ್ಟು ಬಿದ್ದುಹೋಗುತ್ತಿದೆ.

ಇವತ್ತಿನ ಕೆಲಸ ಸಾಗಬೇಕಲ್ವಾ, ಹಾಗಾಗಿ ಮೊದಲು ಅದಕ್ಕೆ ದಾರಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಒಳಗೆ ಹೋಗಿ. ಮೇಲಿನ ಪಟ್ಟಿಯಲ್ಲಿ ನಿಮ್ಮ ಮಾನಿಟರ್ ಆರಿಸಿಕೊಳ್ಳಿ. ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬ ಲೆಕ್ಕ, 60 ಹರ್ಟ್ಜ್ ಎಂದಿದ್ದರೆ 30ಕ್ಕೆ ಇಳಿಸಿ. ಈಗ ಒಂದು ಗಂಟೆ ಎಂದಿನಂತೆ ಕೆಲಸ ಮಾಡಿ. ಮೌಸ್ ಸ್ವಲ್ಪ ಎಳೆದ ಹಾಗೆ ಓಡುತ್ತದೆ, ಸ್ಕ್ರೋಲ್ ಮಾಡಿದರೆ ಅಕ್ಷರಗಳು ತಡವರಿಸಿದಂತೆ ಕಾಣುತ್ತವೆ. ಅದು ಸಹಜ. ನೀವು ಗಮನಿಸಬೇಕಾದದ್ದು ಒಂದೇ: ಆ ಒಂದು ಗಂಟೆಯಲ್ಲಿ ಪರದೆ ಎಷ್ಟು ಸಲ ಕಪ್ಪಾಯಿತು? ಒಮ್ಮೆಯೂ ಆಗದಿದ್ದರೆ ಕೆಲಸಕ್ಕೆ ದಾರಿಯೂ ಸಿಕ್ಕಿತು, ರೋಗ ಎಲ್ಲಿದೆ ಎಂಬುದೂ ಗೊತ್ತಾಯಿತು. ಯಾರೇ ಈ ತೊಂದರೆ ಹೇಳಿಕೊಂಡು ಬಂದರೂ ನಾನು ಮೊದಲು ಇದನ್ನೇ ಮಾಡಿಸುತ್ತೇನೆ. ಖರ್ಚಿಲ್ಲ, ಏನನ್ನೂ ಬಿಚ್ಚಬೇಕಾಗಿಲ್ಲ, ಇಷ್ಟವಾಗದಿದ್ದರೆ ಅರೆ ನಿಮಿಷದಲ್ಲಿ ಹಿಂದಿನ ಸ್ಥಿತಿಗೆ ತರಬಹುದು.

ಇದು ಯಾಕೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಣ ತಿಳಿದರೆ ಮುಂದಿನ ಹೆಜ್ಜೆಗಳನ್ನು ನೀವೇ ಇಡಬಹುದು.

4ಕೆ ಅಂದರೆ 3840 × 2160 ಚುಕ್ಕೆಗಳು. ಸೆಕೆಂಡಿಗೆ 60 ಸಲ ಇಷ್ಟೂ ಚುಕ್ಕೆಗಳ ಬಣ್ಣ ಕೇಬಲ್ ಮೂಲಕ ಹೋಗಬೇಕು. ಎಚ್‌ಡಿಎಂಐನಲ್ಲಿ ಇದಕ್ಕೆ ಸೆಕೆಂಡಿಗೆ ಸುಮಾರು 17.8 ಗಿಗಾಬಿಟ್ ಬೇಕಾಗುತ್ತದೆ. 2013ರಲ್ಲಿ ಬಂದ ಎಚ್‌ಡಿಎಂಐ 2.0ರ ಮಿತಿಯೇ 18 ಗಿಗಾಬಿಟ್. ಅಂದರೆ ನಿಮ್ಮ ಕೇಬಲ್ ದಿನವಿಡೀ ತನ್ನ ಮಿತಿಯ ತುದಿಯಲ್ಲೇ ಓಡುತ್ತಿದೆ. 30 ಹರ್ಟ್ಜ್‌ಗೆ ಇಳಿಸಿದರೆ ಅದು ಸುಮಾರು 8.9ಕ್ಕೆ ಇಳಿಯುತ್ತದೆ. 2560 × 1440ರಲ್ಲಿ 60 ಹರ್ಟ್ಜ್ ಇಟ್ಟರೆ ಸುಮಾರು 7.2. ಹಳೆಯ ಫುಲ್ ಎಚ್‌ಡಿ ಆದರೆ 4.5ರ ಹತ್ತಿರ. ವೇಗ ಕಡಿಮೆಯಾದಷ್ಟೂ ಸಡಿಲ ಕನೆಕ್ಟರ್, ತೆಳು ತಂತಿ, ಅಕ್ಕಪಕ್ಕದ ವಿದ್ಯುತ್ ಗದ್ದಲ ಇವನ್ನೆಲ್ಲ ಸಂಕೇತ ತಡೆದುಕೊಳ್ಳುತ್ತದೆ. ಅದೇ ಕೇಬಲ್ ಫುಲ್ ಎಚ್‌ಡಿಯಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದು, 4ಕೆ ಮಾನಿಟರ್ ಬಂದ ದಿನವೇ ಕೈಕೊಡುವುದು ಇದರಿಂದಲೇ. ಕೇಬಲ್ ಆವತ್ತು ಕೆಡಲಿಲ್ಲ. ಅದರ ಬಲ ಎಷ್ಟೆಂದು ಆವತ್ತು ಗೊತ್ತಾಯಿತು, ಅಷ್ಟೇ.

ಬಿಳಿ ಚುಕ್ಕೆಗಳ ಕಥೆಯೂ ಇದೇ. ಎಚ್‌ಡಿಎಂಐ 2.0ವರೆಗಿನ ಪದ್ಧತಿಯಲ್ಲಿ ಚಿತ್ರದ ಮಾಹಿತಿ ದಾರಿಯಲ್ಲಿ ಕೆಟ್ಟರೆ ಅದನ್ನು ತಿದ್ದಿಕೊಳ್ಳುವ ಏರ್ಪಾಟು ಇಲ್ಲ. ಕೆಟ್ಟ ಚುಕ್ಕೆ ಕೆಟ್ಟದ್ದಾಗಿಯೇ ಪರದೆಗೆ ಬರುತ್ತದೆ, ಮಿಂಚು ಚೆಲ್ಲಿದಂತೆ ಕಾಣುತ್ತದೆ. ತಪ್ಪುಗಳು ಇನ್ನೂ ಜಾಸ್ತಿಯಾದರೆ ಮಾನಿಟರ್‌ಗೆ ಸಂಕೇತದ ತಾಳವೇ ತಪ್ಪುತ್ತದೆ. ಆಗ ಅದು ಪರದೆಯನ್ನು ಕಪ್ಪು ಮಾಡಿ, ತಾಳ ಹಿಡಿಯಲು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ನೀವು ನೋಡುವ ಆ ಎರಡು ಸೆಕೆಂಡ್ ಅದೇ.

ಇಲ್ಲಿ ಕೆಲವರು ಬೀಳುವ ಎರಡು ಗುಂಡಿಗಳಿವೆ. ಮೊದಲನೆಯದು 50 ಹರ್ಟ್ಜ್. 30 ತುಂಬಾ ಕಡಿಮೆ, 50 ಆದರೆ ಕಣ್ಣಿಗೂ ಸರಿ, ಕೇಬಲ್‌ಗೂ ಹಗುರ ಎಂದು ಅನ್ನಿಸುತ್ತದೆ. ಆದರೆ ಎಚ್‌ಡಿಎಂಐನ ಸಾಮಾನ್ಯ 4ಕೆ ಲೆಕ್ಕದಲ್ಲಿ 50 ಹರ್ಟ್ಜ್ ಕೂಡ 60ರಷ್ಟೇ ವೇಗದಲ್ಲಿ ಓಡುತ್ತದೆ. ಪ್ರತಿ ಸಾಲಿನ ಕೊನೆಯ ಖಾಲಿ ಸಮಯವನ್ನು ಉದ್ದ ಮಾಡಿ 50ಕ್ಕೆ ಹೊಂದಿಸುತ್ತಾರೆ. ತಂತಿಯ ಮೇಲಿನ ಹೊರೆ ಒಂದಿಷ್ಟೂ ಇಳಿಯುವುದಿಲ್ಲ. 59.94 ಹರ್ಟ್ಜ್‌ನ ವಿಷಯವೂ ಹಾಗೆಯೇ, 60ಕ್ಕೂ ಅದಕ್ಕೂ ಹೊರೆಯಲ್ಲಿ ಹೆಚ್ಚು ಕಡಿಮೆ ವ್ಯತ್ಯಾಸವೇ ಇಲ್ಲ. ಆದ್ದರಿಂದ ಪರೀಕ್ಷೆಗೆ ನೇರವಾಗಿ 30ಕ್ಕೇ ಹೋಗಿ.

ಎರಡನೆಯದು ರೆಸಲ್ಯೂಶನ್, ಅಂದರೆ ಚಿತ್ರದ ಚುಕ್ಕೆಗಳ ಸಂಖ್ಯೆ, ಇಳಿಸುವಾಗ ಆಗುವುದು. ವಿಂಡೋಸ್‌ನಲ್ಲಿ 1440 ಎಂದು ಆರಿಸಿದರೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಆ ಚಿತ್ರವನ್ನು ಹಿಗ್ಗಿಸಿ 4ಕೆ ಮಾಡಿಯೇ ಹೊರಗೆ ಕಳಿಸುತ್ತದೆ. ಆಗ ನಿಮಗೆ ಕಾಣುವುದು ಮಸುಕು ಅಕ್ಷರ, ಕೇಬಲ್ ಹೊರುವುದು ಮಾತ್ರ ಅದೇ ಹಳೇ ಹೊರೆ. ಅಡ್ವಾನ್ಸ್‌ಡ್ ಡಿಸ್‌ಪ್ಲೇ ಪುಟದಲ್ಲಿ ಡೆಸ್ಕ್‌ಟಾಪ್ ಮೋಡ್ ಮತ್ತು ಆ್ಯಕ್ಟಿವ್ ಸಿಗ್ನಲ್ ಮೋಡ್ ಎಂದು ಎರಡು ಸಾಲುಗಳಿರುತ್ತವೆ. ನೋಡಬೇಕಾದದ್ದು ಎರಡನೆಯದನ್ನು. ಅದರಲ್ಲಿ ಇನ್ನೂ 3840 × 2160 ಎಂದೇ ಇದ್ದರೆ ಅದೇ ಪುಟದ ಡಿಸ್‌ಪ್ಲೇ ಅಡಾಪ್ಟರ್ ಪ್ರಾಪರ್ಟೀಸ್ ಒತ್ತಿ, ಲಿಸ್ಟ್ ಆಲ್ ಮೋಡ್ಸ್ ತೆರೆದು, ಅಲ್ಲಿಂದ 2560 × 1440, 60 ಹರ್ಟ್ಜ್ ಎಂಬುದನ್ನು ಆರಿಸಿ. ಮ್ಯಾಕ್ ಬಳಸುವವರಿಗೂ ಒಂದು ಮಾತು. ಅಲ್ಲಿ ಅಕ್ಷರ ದೊಡ್ಡದು-ಚಿಕ್ಕದು ಮಾಡುವ ಆಯ್ಕೆಗಳಿಂದ ಹೊರಗೆ ಹೋಗುವ ಸಂಕೇತ ಸಾಮಾನ್ಯವಾಗಿ ಬದಲಾಗುವುದಿಲ್ಲ. ರಿಫ್ರೆಶ್ ರೇಟ್ ಇಳಿಸಿಯೇ ಪರೀಕ್ಷೆ ಮಾಡಬೇಕು. ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೇ ಎರಡನ್ನೂ ಬದಲಾಯಿಸಬಹುದು.

ಕೆಲಸ ಸಾಗಿಸಲು ಎರಡರಲ್ಲಿ ಯಾವುದು ಒಳ್ಳೆಯದು ಎಂದರೆ, ನೀವು ಏನು ಮಾಡುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಬರೆಯುವುದು, ಓದುವುದು, ಲೆಕ್ಕದ ಹಾಳೆ ನೋಡುವುದು ಇಷ್ಟೇ ಆದರೆ 4ಕೆ 30 ಹರ್ಟ್ಜ್ ನಡೆಯುತ್ತದೆ. ಅಕ್ಷರ ಚೂಪಾಗಿಯೇ ಉಳಿಯುತ್ತದೆ. ದಿನವಿಡೀ ಸ್ಕ್ರೋಲ್ ಮಾಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ಅದು ಹಿಂಸೆ. ಅವರು 1440ಕ್ಕೆ ಇಳಿದು 60 ಹರ್ಟ್ಜ್ ಉಳಿಸಿಕೊಳ್ಳುವುದು ವಾಸಿ. ಅಕ್ಷರ ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಕೈ-ಕಣ್ಣಿನ ಓಟ ಸರಿಯಿರುತ್ತದೆ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಎಚ್‌ಡಿಆರ್ (ಬೆಳಕು-ನೆರಳಿನ ಅಂತರವನ್ನು ಹೆಚ್ಚಿಸಿ ತೋರಿಸುವ ಸೌಲಭ್ಯ) ಆನ್ ಇದ್ದರೆ ಆಫ್ ಮಾಡಿ. ಬಣ್ಣದ ಆಳ 10 ಬಿಟ್ ಎಂದಿದ್ದರೆ 8ಕ್ಕೆ ತನ್ನಿ. 4ಕೆ 60 ಹರ್ಟ್ಜ್‌ನಲ್ಲಿ ಪೂರ್ತಿ 10 ಬಿಟ್ ಬಣ್ಣಕ್ಕೆ ಸುಮಾರು 22 ಗಿಗಾಬಿಟ್ ಬೇಕು, ಎಚ್‌ಡಿಎಂಐ 2.0ರಲ್ಲಿ ಅಷ್ಟು ಜಾಗವೇ ಇಲ್ಲ. ಯಂತ್ರಗಳು ತಮ್ಮೊಳಗೆ ಏನೋ ಹೊಂದಾಣಿಕೆ ಮಾಡಿಕೊಂಡು ಬಣ್ಣವನ್ನು ಕುಗ್ಗಿಸಿ ಕಳಿಸುತ್ತವೆ. ಆ ಹೊಂದಾಣಿಕೆ ಸುಮ್ನೆ ಒಂದು ತಲೆನೋವು.

ಈಗ ಹಬ್ ವಿಷಯಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಜಾಸ್ತಿ ಅನುಮಾನ ಇರುವುದು ಇದರ ಮೇಲೆ.

ಯುಎಸ್‌ಬಿ-ಸಿ ಪೋರ್ಟ್ ಒಳಗೆ ವೇಗದ ಮಾಹಿತಿಗಾಗಿ ನಾಲ್ಕು ಜೋಡಿ ತಂತಿಗಳಿವೆ. ನೇರವಾಗಿ ಮಾನಿಟರ್ ಜೋಡಿಸಿದರೆ ನಾಲ್ಕನ್ನೂ ಚಿತ್ರಕ್ಕೆ ಕೊಡಬಹುದು. ಆದರೆ ಹಬ್‌ನಲ್ಲಿ ವೇಗದ ಯುಎಸ್‌ಬಿ ಪೋರ್ಟ್‌ಗಳೂ ಇದ್ದರೆ ಸಾಮಾನ್ಯವಾಗಿ ಎರಡು ಜೋಡಿ ಅದಕ್ಕೆ ಹೋಗುತ್ತವೆ, ಚಿತ್ರಕ್ಕೆ ಉಳಿಯುವುದು ಎರಡೇ. ಈ ದಾರಿಯಲ್ಲಿ ಓಡುವುದು ಡಿಸ್‌ಪ್ಲೇಪೋರ್ಟ್ ಸಂಕೇತ, ಎಚ್‌ಡಿಎಂಐನಂತೆಯೇ ಚಿತ್ರ ಸಾಗಿಸುವ ಇನ್ನೊಂದು ಪದ್ಧತಿ. ಡಿಸ್‌ಪ್ಲೇಪೋರ್ಟ್ 1.2ರ ವೇಗದಲ್ಲಿ ಎರಡು ಜೋಡಿಗಳಲ್ಲಿ ಚಿತ್ರಕ್ಕೆ ಸಿಗುವುದು 8.64 ಗಿಗಾಬಿಟ್. 4ಕೆಗೆ ಅದರಲ್ಲಿ 30 ಹರ್ಟ್ಜ್ ಮಾತ್ರ ಸಾಧ್ಯ. ಡಿಸ್‌ಪ್ಲೇಪೋರ್ಟ್ 1.3ರಿಂದ ಪ್ರತಿ ಜೋಡಿಯ ವೇಗ ಒಂದೂವರೆ ಪಟ್ಟಾಯಿತು. ಆಗ ಎರಡು ಜೋಡಿಗಳಲ್ಲಿ 12.96 ಸಿಗುತ್ತದೆ. ಖಾಲಿ ಸಮಯವನ್ನೆಲ್ಲ ಬಿಗಿಮಾಡಿ ಕಳಿಸಿದರೂ 4ಕೆ 60 ಹರ್ಟ್ಜ್‌ಗೆ ಸುಮಾರು 12.8 ಬೇಕು. ನೋಡಿ, ಎಷ್ಟು ಇಕ್ಕಟ್ಟು! ಲ್ಯಾಪ್‌ಟಾಪ್‌ನಿಂದ ಹಬ್‌ವರೆಗೆ ಒಂದು ಇಕ್ಕಟ್ಟು. ಹಬ್ ಒಳಗಿನ ಸಣ್ಣ ಚಿಪ್ ಅದನ್ನು ಎಚ್‌ಡಿಎಂಐಗೆ ಬದಲಾಯಿಸಬೇಕು. ಅಲ್ಲಿಂದ ಮಾನಿಟರ್‌ವರೆಗೆ ಇನ್ನೊಂದು ಇಕ್ಕಟ್ಟು. ಮಧ್ಯದಲ್ಲಿ ಚಾರ್ಜರ್‌ನ ಕರೆಂಟೂ ಅದೇ ಪುಟ್ಟ ಡಬ್ಬಿಯ ಮೂಲಕ ಹಾದುಹೋಗುತ್ತಿದೆ. ಡಬ್ಬಿ ಮುಟ್ಟಿದರೆ ಬಿಸಿ ಇರುತ್ತದೆ, ಅಲ್ವಾ?

ಹಾಗಾಗಿ ಮುಂದಿನ ಪರೀಕ್ಷೆ ಹಬ್ ಬಿಟ್ಟು ನೋಡುವುದು. ಲ್ಯಾಪ್‌ಟಾಪ್‌ನಲ್ಲೇ ಎಚ್‌ಡಿಎಂಐ ಪೋರ್ಟ್ ಇದ್ದರೆ ಅದೇ ಕೇಬಲನ್ನು ಅಲ್ಲಿಗೆ ಹಾಕಿ. 60 ಹರ್ಟ್ಜ್‌ಗೆ ಏರಿಸಿ ಒಂದು ಗಂಟೆ ನೋಡಿ. ಈಗ ತೊಂದರೆ ಇಲ್ಲದಿದ್ದರೆ ಕೇಬಲ್ ಚೆನ್ನಾಗಿದೆ, ತಪ್ಪು ಹಬ್‌ನದು. ಈಗಲೂ ಕಪ್ಪಾದರೆ ಕೇಬಲ್ ಬದಲಿಸಿ ನೋಡಿ. ಒಂದು ಎಚ್ಚರ: ಕೆಲವು ಲ್ಯಾಪ್‌ಟಾಪ್‌ಗಳ ಎಚ್‌ಡಿಎಂಐ ಪೋರ್ಟ್ ಹಳೆಯ 1.4 ಆಗಿರುತ್ತದೆ. ಅದರಲ್ಲಿ 4ಕೆ ಹಾಕಿದರೆ 30 ಹರ್ಟ್ಜ್‌ಗಿಂತ ಮೇಲೆ ಆಯ್ಕೆಯೇ ಬರುವುದಿಲ್ಲ. ಆಗ ಈ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಲಾಗದು.

ಇನ್ನೊಂದು ಮಾತು. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಒಂದು ಚಿಪ್‌ಗೂ ಯುಎಸ್‌ಬಿ-ಸಿ ಇನ್ನೊಂದಕ್ಕೂ ಸೇರಿರಬಹುದು. ಪೋರ್ಟ್ ಬದಲಿಸಿದಾಗ ಕೇಬಲ್ ಹಾದಿಯ ಜೊತೆಗೆ ಚಿಪ್ಪೂ ಡ್ರೈವರೂ ಬದಲಾದವು ಎಂಬುದು ನೆನಪಿರಲಿ.

ಕಪ್ಪಾಗುವ ಆ ಎರಡು ಸೆಕೆಂಡಿನಲ್ಲಿ ಬೇರೇನಾಗುತ್ತದೆ ಎಂದೂ ಗಮನಿಸಿ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ತೆರೆದಿದ್ದ ಕಿಟಕಿಗಳು ಲ್ಯಾಪ್‌ಟಾಪ್ ಪರದೆಗೆ ಹಾರಿ ಬರುತ್ತವೆಯೇ? ಬಂದರೆ ಮಾನಿಟರ್ ಕಳಚಿತು ಎಂದೇ ಲ್ಯಾಪ್‌ಟಾಪ್ ತಿಳಿದಿದೆ. ಹಾರದೆ ಅಲ್ಲಲ್ಲೇ ಇದ್ದು, ಬರೀ ಚಿತ್ರ ಹೋಗಿ ಬಂದರೆ ಲ್ಯಾಪ್‌ಟಾಪ್‌ಗೆ ಏನೂ ಗೊತ್ತಾಗಿಲ್ಲ. ಮಾನಿಟರ್‌ಗೆ ತಾಳ ತಪ್ಪಿದೆ. ಎರಡನೆಯದಾದರೆ ನಾನು ಎಚ್‌ಡಿಎಂಐ ಕೇಬಲನ್ನು ಮೊದಲು ನೋಡುತ್ತೇನೆ. ಮೊದಲನೆಯದಾದರೆ ಹಬ್ ಅಥವಾ ಸಡಿಲ ಕನೆಕ್ಟರ್ ಕಡೆಗೆ ಹೋಗುತ್ತೇನೆ. ಅದೇ ಹೊತ್ತಿಗೆ ಕೀಬೋರ್ಡ್, ಹಾರ್ಡ್ ಡಿಸ್ಕ್ ಕೂಡ ಒಂದು ಕ್ಷಣ ಹೋಗಿ ಬಂದರೆ ಇಡೀ ಹಬ್ ನಿಂತು ಮತ್ತೆ ಶುರುವಾಗುತ್ತಿದೆ. ಅದು ಬಹುಪಾಲು ಕರೆಂಟ್ ಸಾಲದ ಲಕ್ಷಣ. ಡಿಸ್ಕ್ ತೆಗೆದಿಟ್ಟು ಒಂದು ದಿನ ನೋಡಿ. ಆ ದಿನ ತೊಂದರೆ ಬರದಿದ್ದರೆ ಡಿಸ್ಕನ್ನು ಲ್ಯಾಪ್‌ಟಾಪ್‌ನ ಬೇರೆ ಪೋರ್ಟ್‌ಗೆ ಕೊಡಿ. ಡಿಸ್ಕಿಗೆ ಏನಾದರೂ ಬರೆಯುತ್ತಿರುವಾಗ ಹಬ್ ಹೀಗೆ ನಿಂತರೆ ಫೈಲ್‌ಗಳು ಕೆಡಬಹುದು. ಹಾಗಾಗಿ ಇದನ್ನು ಮುಂದೂಡಬೇಡಿ.

ಚಾರ್ಜರ್ ಕಳಚಿ, ಬ್ಯಾಟರಿಯಲ್ಲೇ ಅರ್ಧ ಗಂಟೆ ನಡೆಸುವುದೂ ಒಂದು ಒಳ್ಳೆಯ ಪರೀಕ್ಷೆ. ಎರಡು ಪಿನ್ನಿನ, ನೆಲದ ಸಂಪರ್ಕವಿಲ್ಲದ ಚಾರ್ಜರ್‌ಗಳಿಂದ ತೀರಾ ಸಣ್ಣ ಸೋರಿಕೆ ಕರೆಂಟ್ ಲ್ಯಾಪ್‌ಟಾಪ್‌ನ ಲೋಹದ ಮೈಗೆ ಬರುತ್ತದೆ. ಕೈ ಸವರಿದರೆ ಜುಮ್ಮೆನ್ನುವುದು ಅದೇ. ಅದು ವಿಡಿಯೊ ಕೇಬಲ್‌ನ ಹೊರಕವಚದ ಮೂಲಕ ಮಾನಿಟರ್ ಕಡೆಗೆ ಹರಿದು ಗದ್ದಲ ಎಬ್ಬಿಸಬಹುದು. ಬ್ಯಾಟರಿಯಲ್ಲಿದ್ದಾಗ ಚಿತ್ರ ಸ್ಥಿರವಾಗಿದ್ದು ಚಾರ್ಜರ್ ಹಾಕಿದೊಡನೆ ಕುಣಿದರೆ, ಮೂರು ಪಿನ್ನಿನ ಚಾರ್ಜರ್ ಹಾಕಿ ನೋಡಿ. ಅಥವಾ ಲ್ಯಾಪ್‌ಟಾಪ್, ಮಾನಿಟರ್ ಎರಡನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ.

ಗದ್ದಲದ ಮಾತು ಬಂದಿದ್ದರಿಂದ ನನ್ನದೇ ಒಂದು ಅನುಭವ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನನ್ನ ಮಾನಿಟರ್ ದಿನಕ್ಕೆ ಏಳೆಂಟು ಸಲ ಹೀಗೇ ಕಪ್ಪಾಗುತ್ತಿತ್ತು. ಡ್ರೈವರ್ ಬದಲಿಸಿದೆ, ಮಾನಿಟರ್ ಬದಲಿಸಿದೆ. ಮೂರು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಕಪ್ಪಾದ ಸಮಯವನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡತೊಡಗಿದೆ. ಎರಡನೇ ದಿನ ಗೊತ್ತಾಯಿತು. ಪ್ರತಿ ಸಲವೂ ನಾನು ಆಗಷ್ಟೇ ಕುರ್ಚಿಯಿಂದ ಎದ್ದಿರುತ್ತಿದ್ದೆ! ನಂಬುವುದು ಕಷ್ಟ ಅನ್ನಿಸಬಹುದು, ಆದರೆ ಇದು ತಿಳಿದಿರುವ ಸಂಗತಿ. ಎತ್ತರ ಹೊಂದಿಸುವ ಗ್ಯಾಸ್ ಕೊಳವೆ ಇರುವ ಕುರ್ಚಿಯಿಂದ ಏಳುವಾಗ, ಕೂರುವಾಗ ಸ್ಥಿರ ವಿದ್ಯುತ್ತಿನ ಒಂದು ಮಿಡಿತ ಹೊರಡುತ್ತದೆ. ಕವಚ ಸರಿಯಿಲ್ಲದ ವಿಡಿಯೊ ಕೇಬಲ್ ಅದನ್ನು ಆಂಟೆನಾದಂತೆ ಹಿಡಿದುಕೊಳ್ಳುತ್ತದೆ. ಒಳ್ಳೆಯ ಕವಚ ಇರುವ ಗಿಡ್ಡ ಕೇಬಲ್ ಹಾಕಿ, ಎರಡೂ ತುದಿಯಲ್ಲಿ ಫೆರೈಟ್ ಉಂಗುರ (ಕೇಬಲ್ ಮೇಲಿನ ವಿದ್ಯುತ್ ಗದ್ದಲ ಹೀರುವ ಸಣ್ಣ ಬಳೆ) ಸಿಕ್ಕಿಸಿದ ಮೇಲೆ ನನ್ನ ತೊಂದರೆ ನಿಂತಿತು. ನೀವೂ ಒಂದೆರಡು ದಿನ ಸಮಯ ಬರೆದಿಡಿ. ಕಪ್ಪಾದಾಗ ಎದ್ದಿರಾ, ಫ್ಯಾನ್ ಸ್ವಿಚ್ ಒತ್ತಿದಿರಾ, ಟ್ಯೂಬ್‌ಲೈಟ್ ಹಾಕಿದಿರಾ ಎಂದು ನೋಡಿ. ಕೇಬಲನ್ನು ಚಾರ್ಜರ್ ತಂತಿಯ ಜೊತೆ ಸುತ್ತಿ ಕಟ್ಟಿದ್ದರೆ ಬಿಡಿಸಿ ದೂರ ಇಡಿ.

ನಿಮ್ಮದು ಸಂಕೇತ ಬೀಳುವ ತೊಂದರೆ ಎಂದು ನಾನು ಹೇಳುತ್ತಿದ್ದರೂ, ಎಲ್ಲರ ಮಾನಿಟರ್ ತೊಂದರೆಯೂ ಇದೇ ಆಗಿರಬೇಕಿಲ್ಲ. ಪರದೆ ಮಿಣುಕುವುದಕ್ಕೆ ಬೇರೆ ಕಾರಣಗಳೂ ಇವೆ. ಬೇರ್ಪಡಿಸಿ ನೋಡಲು ನನಗೆ ಇಷ್ಟವಾದ ಉಪಾಯ ಮಾನಿಟರ್‌ನ ಸ್ವಂತ ಮೆನು. ಅದರ ಬಟನ್ ಒತ್ತಿ ಮೆನು ತೆರೆದಿಡಿ. ಆ ಮೆನು ಲ್ಯಾಪ್‌ಟಾಪ್‌ನಿಂದ ಬರುವುದಲ್ಲ, ಮಾನಿಟರ್ ತಾನೇ ಬರೆದುಕೊಳ್ಳುವುದು. ಹಿಂದಿನ ಚಿತ್ರ ಕುಣಿಯುತ್ತಿದ್ದು ಮೆನು ಮಾತ್ರ ಕಲ್ಲಿನಂತೆ ನಿಂತಿದ್ದರೆ ತೊಂದರೆ ಹೊರಗಿನಿಂದ ಬರುತ್ತಿದೆ. ಮೆನುವೂ ಜೊತೆಗೆ ಮಿಣುಕಿದರೆ ಮಾನಿಟರ್ ಒಳಗೆ, ಪರದೆಯ ಹಿಂದಿನ ದೀಪವಾದ ಬ್ಯಾಕ್‌ಲೈಟ್‌ನಲ್ಲೋ ಪವರ್ ಬೋರ್ಡ್‌ನಲ್ಲೋ ಇದೆ. ಇನ್ನೂ ಖಚಿತವಾಗಬೇಕಾದರೆ ವಿಡಿಯೊ ಕೇಬಲನ್ನೇ ಕಿತ್ತು, ಸಂಕೇತ ಇಲ್ಲ ಎಂದು ಅದು ತೋರಿಸುವ ಬರಹವನ್ನು ನೋಡಿ. ಅದೂ ಮಿಣುಕಿದರೆ ಲ್ಯಾಪ್‌ಟಾಪ್‌ಗೂ ಇದಕ್ಕೂ ಸಂಬಂಧವಿಲ್ಲ. ಪೂರ್ತಿ ಕಪ್ಪಾಗುವ ನಿಮ್ಮಂಥ ತೊಂದರೆಯಲ್ಲಿ ಸಂಕೇತ ಹೋದ ಕ್ಷಣಕ್ಕೆ ಮೆನುವೂ ಮುಚ್ಚಿಕೊಳ್ಳಬಹುದು. ಸದಾ ಮಿಣುಕುವ ಪರದೆಗೆ ಈ ಉಪಾಯ ಹೆಚ್ಚು ಸರಿ.

ಮಾನಿಟರ್ ಒಳಗಿನ ತೊಂದರೆಗೆ ಒಂದು ಗುರುತಿದೆ. ಬೆಳಗ್ಗೆ ಆನ್ ಮಾಡಿದಾಗ ಮಿಣುಕುತ್ತದೆ, ಕಾಲು ಗಂಟೆ ಕಾದು ಬಿಸಿಯಾದ ಮೇಲೆ ಸರಿಹೋಗುತ್ತದೆ. ಹಳೆಯ ಮಾನಿಟರ್‌ಗಳಲ್ಲಿ ಇದು ಪವರ್ ಬೋರ್ಡ್‌ನ ಕೆಪಾಸಿಟರ್‌ಗಳು ಸೋತಿರುವುದರ ಸೂಚನೆ. ರಿಪೇರಿ ತಿಳಿದವರಿಗೆ ಇದು ದೊಡ್ಡ ಕೆಲಸವಲ್ಲ. ಆದರೆ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ಬೋರ್ಡಿನಲ್ಲಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಬ್ರೈಟ್‌ನೆಸ್ ಕಡಿಮೆ ಇಟ್ಟಾಗ ಮಾತ್ರ ಕಣ್ಣು ನೋಯುವುದು, ಫೋನ್ ಕ್ಯಾಮೆರಾದಲ್ಲಿ ನೋಡಿದರೆ ಅಡ್ಡ ಪಟ್ಟೆ ಓಡುವುದು, ಇದು ಬೇರೆಯೇ ಸಂಗತಿ. ಕೆಲವು ಮಾನಿಟರ್‌ಗಳು ಬೆಳಕು ತಗ್ಗಿಸಲು ಬ್ಯಾಕ್‌ಲೈಟನ್ನು ಅತಿ ವೇಗವಾಗಿ ಆರಿಸಿ ಹಚ್ಚುತ್ತವೆ. ಬ್ರೈಟ್‌ನೆಸ್ ಮೇಲಕ್ಕೆ ಏರಿಸಿ, ಕಣ್ಣಿಗೆ ಜಾಸ್ತಿ ಅನ್ನಿಸಿದರೆ ಕಾಂಟ್ರಾಸ್ಟ್ ಇಳಿಸಿ.

ಇನ್ನು ಆಟ ಆಡುವವರ ದೂರು. ಕತ್ತಲೆಯ ದೃಶ್ಯಗಳಲ್ಲಿ ಇಡೀ ಪರದೆಯ ಬೆಳಕು ಮೇಲೆ ಕೆಳಗೆ ಆಗುತ್ತದೆ ಎನ್ನುತ್ತಾರೆ. ಫ್ರೀಸಿಂಕ್, ಜಿ-ಸಿಂಕ್ ಎಂಬ ಹೆಸರಿನ ಸೌಲಭ್ಯ ಆನ್ ಇದ್ದರೆ ರಿಫ್ರೆಶ್ ರೇಟ್ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ವಿಎ ಬಗೆಯ ಪರದೆಗಳಲ್ಲಿ ಅದರ ಜೊತೆ ಹೊಳಪೂ ಅಲುಗುವುದು ಸಾಮಾನ್ಯ. ಆಫ್ ಮಾಡಿದರೆ ಮುಗಿಯಿತು.

ಸಾಫ್ಟ್‌ವೇರ್ ತಪ್ಪಾಗಿರುವ ಸಂದರ್ಭಗಳೂ ಇಲ್ಲದಿಲ್ಲ. ಪರೀಕ್ಷೆ ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಉಳಿದದ್ದೆಲ್ಲ ಮಿಣುಕುವಾಗ ಟಾಸ್ಕ್ ಮ್ಯಾನೇಜರ್ ಮಾತ್ರ ಮಿಣುಕದಿದ್ದರೆ ಯಾವುದೋ ಆ್ಯಪ್‌ನ ಕೆಲಸ. ಅದೂ ಮಿಣುಕಿದರೆ ಡ್ರೈವರ್ ಕಡೆ ಅನುಮಾನ ಪಡಿ ಎಂದು ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ. ಬ್ರೌಸರ್ ಒಂದರಲ್ಲೇ ತೊಂದರೆಯಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಿಲರೇಶನ್ (ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಆಯ್ಕೆ) ಆಫ್ ಮಾಡಿ ನೋಡಿ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರಳಿ ಶುರುವಾಗುತ್ತದೆ. ಕೆಲಸದ ನಡುವೆ ಪರದೆ ಸಿಕ್ಕಿಕೊಂಡಾಗ ಕಂಪ್ಯೂಟರ್ ಆರಿಸದೆ ಪಾರಾಗಲು ಇದು ಒಳ್ಳೆಯ ದಾರಿ. ಆದರೆ ನಿಮ್ಮ ಬಿಳಿ ಚುಕ್ಕೆಗಳು ಡ್ರೈವರ್ ಕಡೆ ಬೆರಳು ಮಾಡುವುದಿಲ್ಲ. ಅದಕ್ಕೇ ನೀವು ಹಾಕಿದ ಅಷ್ಟು ಶ್ರಮ ಫಲ ಕೊಡಲಿಲ್ಲ.

ಕೊನೆಗೆ ಏನನ್ನಾದರೂ ಕೊಳ್ಳಲೇಬೇಕಾದರೆ ಏನು ಕೊಳ್ಳಬೇಕು? ನಿಮ್ಮ ಮಾನಿಟರ್ ಹಿಂದೆ ಡಿಸ್‌ಪ್ಲೇಪೋರ್ಟ್ ಕಿಂಡಿ ಇದೆಯೇ ನೋಡಿ. ಇದ್ದರೆ, ಒಂದು ತುದಿಯಲ್ಲಿ ಯುಎಸ್‌ಬಿ-ಸಿ, ಇನ್ನೊಂದು ತುದಿಯಲ್ಲಿ ಡಿಸ್‌ಪ್ಲೇಪೋರ್ಟ್ ಇರುವ ನೇರ ಕೇಬಲ್ ತನ್ನಿ. ಎರಡು ಮೀಟರ್ ಮೀರದಿರಲಿ. ನಾಲ್ಕೂ ಜೋಡಿ ತಂತಿಗಳು ಚಿತ್ರಕ್ಕೇ ಸಿಗುತ್ತವೆ. ಡಿಸ್‌ಪ್ಲೇಪೋರ್ಟ್ 1.2ರ ವೇಗದಲ್ಲೂ 17.28 ಗಿಗಾಬಿಟ್ ಆಗುತ್ತದೆ, ಈ ಪದ್ಧತಿಯಲ್ಲಿ 4ಕೆ 60 ಹರ್ಟ್ಜ್‌ಗೆ ಬೇಕಾದ ಸುಮಾರು 12.8ಕ್ಕಿಂತ ಎಷ್ಟೋ ಹೆಚ್ಚು. ಎಚ್‌ಡಿಎಂಐಗೆ ಬದಲಾಯಿಸುವ ಚಿಪ್‌ನ ರಗಳೆಯೂ ಇಲ್ಲ. ಹಬ್ ಇರಲಿ, ಚಾರ್ಜರ್, ಡಿಸ್ಕ್, ಕೀಬೋರ್ಡ್‌ಗಳನ್ನು ಅದು ನೋಡಿಕೊಳ್ಳಲಿ. ಲ್ಯಾಪ್‌ಟಾಪ್‌ನಲ್ಲಿ ಎರಡು ಯುಎಸ್‌ಬಿ-ಸಿ ಪೋರ್ಟ್ ಇದ್ದು, ಎರಡರಲ್ಲೂ ಚಿತ್ರ ಬರುತ್ತದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಎಲ್ಲಾ ಯುಎಸ್‌ಬಿ-ಸಿ ಪೋರ್ಟ್‌ಗಳೂ ಚಿತ್ರ ಕಳಿಸುವುದಿಲ್ಲ. ಈಗಿನ ಹಬ್ಬನ್ನೇ ಒಂದಾದ ಮೇಲೊಂದು ಎರಡಕ್ಕೂ ಹಾಕಿ ನೋಡಿದರೆ ತಿಳಿಯುತ್ತದೆ.

ಎಚ್‌ಡಿಎಂಐ ಕೇಬಲನ್ನೇ ಕೊಳ್ಳುವುದಾದರೆ ಡಬ್ಬಿಯ ಮೇಲೆ 2.0, 2.1 ಎಂದು ದೊಡ್ಡದಾಗಿ ಬರೆದಿರುವುದಕ್ಕೆ ಬೆಲೆ ಕೊಡಬೇಡಿ. ಕೇಬಲ್‌ಗಳನ್ನು ಪರೀಕ್ಷಿಸಿ ಕೊಡುವ ಹೆಸರುಗಳು ಬೇರೆ. ಪ್ರೀಮಿಯಂ ಹೈ ಸ್ಪೀಡ್ ಎಂದರೆ 18 ಗಿಗಾಬಿಟ್‌ಗೆ ಪರೀಕ್ಷೆಯಾದದ್ದು. ಅಲ್ಟ್ರಾ ಹೈ ಸ್ಪೀಡ್ ಎಂದರೆ 48ಕ್ಕೆ. ಈ ಎರಡರ ಡಬ್ಬಿಯ ಮೇಲೆ ಫೋನಿನಿಂದ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳುವ ಲೇಬಲ್ ಇರುತ್ತದೆ. ಬರೀ ಹೈ ಸ್ಪೀಡ್ ಎಂದಷ್ಟೇ ಇದ್ದರೆ ಅದು 10.2 ಗಿಗಾಬಿಟ್‌ನ ವರ್ಗದ್ದು, ನಿಮ್ಮ ಕೆಲಸಕ್ಕೆ ಸಾಲದು. ಉದ್ದ ಬೇಕಾದಷ್ಟೇ ಇರಲಿ. ಮುಂದೆ ಯಾವಾಗಲಾದರೂ ಬೇಕಾಗುತ್ತದೆ ಎಂದು ಐದು ಮೀಟರ್ ತಂದು ಸುತ್ತಿಡುವುದರಿಂದ ನಷ್ಟವೇ.

ಲ್ಯಾಪ್‌ಟಾಪ್ ಹಾಳಾಗುತ್ತದೆಯೇ ಎಂದು ಕೇಳಿದ್ದೀರಿ. ಸಂಕೇತ ಬಿದ್ದು ಎದ್ದು ಮಾಡುವುದರಿಂದ ಲ್ಯಾಪ್‌ಟಾಪ್‌ಗಾಗಲಿ ಮಾನಿಟರ್‌ಗಾಗಲಿ ಏನೂ ಆಗುವುದಿಲ್ಲ. ನಿಶ್ಚಿಂತೆಯಿಂದಿರಿ, ಹೊರೆ ಇಳಿಸಿಕೊಂಡು ಕೆಲಸ ಮಾಡಿ. ಆದರೆ ಹಬ್ ಕೈ ಇಡಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಇಲ್ಲವೇ ಕನೆಕ್ಟರ್ ಸುತ್ತಲಿನ ಪ್ಲಾಸ್ಟಿಕ್ ಬಣ್ಣ ಕೆಟ್ಟಿದ್ದರೆ ಅದನ್ನು ಕೂಡಲೇ ಕಿತ್ತಿಡಿ, ಮತ್ತೆ ಹಾಕಬೇಡಿ.